ಜನಗಣಮನ, ತ್ರಿವರ್ಣ ಧ್ವಜ ಮತ್ತು ಕಾಸರಗೋಡಿನ ನಾವು: ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ಹತ್ತಿರ ಬಂತು ಅಂದರೆ ನಮ್ಮ ಕಡೆ ಮಕ್ಕಳ ಪ್ರಶ್ನೆಗಳು ಶುರುವಾಗುತ್ತವೆ. ಭಾಷಣ ಬರೆದುಕೊಡಿ ಎಂದು ಒಬ್ಬಳು, ಕ್ವಿಜ್‌ಗೆ ಉತ್ತರ ಹೇಳಿ ಎಂದು ಇನ್ನೊಬ್ಬ. ಕ್ಲಬ್ಬಿನ ಹುಡುಗರಿಗೆ ಬಾವುಟ ಕಟ್ಟುವ ಕ್ರಮ ಬೇಕು. ನವೆಂಬರ್ ಬಂದರೆ ದೊಡ್ಡವರೂ ಕೇಳಲು ಶುರುಮಾಡುತ್ತಾರೆ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತನಾದ ಮೇಲೂ ಈ ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ, ಅದು ನನಗೆ ಸಂತೋಷದ ವಿಷಯ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟರೆ ಮಕ್ಕಳಿಗೂ ತಂದೆತಾಯಿಯರಿಗೂ ಉಪಕಾರವಾಗುತ್ತದೆ ಎಂದು ಇಲ್ಲಿ ಕೊಟ್ಟಿದ್ದೇನೆ.

ಮಾಷ್ಟ್ರೇ, ಜನಗಣಮನ ಬರೆದದ್ದು ಯಾರು? ಮೊದಲು ಹಾಡಿದ್ದು ಎಲ್ಲಿ?

ಬರೆದವರು ರವೀಂದ್ರನಾಥ ಟಾಗೋರ್. ಭಾಷೆ ಬಂಗಾಳಿ. ಆದರೆ ಸಂಸ್ಕೃತದ ಪದಗಳೇ ತುಂಬಿರುವುದರಿಂದ ನಮಗೂ ಅರ್ಧ ಅರ್ಥವಾಗುತ್ತದೆ. 1911ರ ಡಿಸೆಂಬರ್ 27ರಂದು ಕಲ್ಕತ್ತಾದ ಕಾಂಗ್ರೆಸ್ ಅಧಿವೇಶನದಲ್ಲಿ ಇದನ್ನು ಮೊದಲ ಬಾರಿ ಹಾಡಿದರು. ಮುಂದಿನ ತಿಂಗಳು, ಅಂದರೆ 1912ರ ಜನವರಿಯಲ್ಲಿ, ಬ್ರಹ್ಮಸಮಾಜದ 'ತತ್ತ್ವಬೋಧಿನಿ' ಪತ್ರಿಕೆಯಲ್ಲಿ 'ಭಾರತ ಭಾಗ್ಯವಿಧಾತಾ' ಎಂಬ ಹೆಸರಿನಲ್ಲಿ ಅಚ್ಚಾಯಿತು. ಕವಿತೆಯಲ್ಲಿ ಒಟ್ಟು 5 ನುಡಿಗಳಿವೆ. ನಾವು ಹಾಡುವುದು ಮೊದಲನೆಯದನ್ನು ಮಾತ್ರ.

ಅರ್ಥ ಹೇಳಿಕೊಡಿ. ಹಾಡುವುದೇನೋ ಹಾಡುತ್ತೇವೆ, ಆದರೆ ಏನು ಹೇಳುತ್ತಿದ್ದೇವೆ ಅಂತ ಗೊತ್ತಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ದಿನಾ ಅಸೆಂಬ್ಲಿಯಲ್ಲಿ ನಿಂತು ಹಾಡಿ ಹತ್ತನೇ ತರಗತಿ ದಾಟಿದ ಮಕ್ಕಳಿಗೂ ಎಷ್ಟೋ ಸಲ ಅರ್ಥ ತಿಳಿದಿರುವುದಿಲ್ಲ. ಅದು ಮಕ್ಕಳ ತಪ್ಪಲ್ಲ. ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ.

ಮೊದಲ ಸಾಲು: ಜನರೆಲ್ಲರ ಮನಸ್ಸನ್ನು ಆಳುವವನೇ, ಭಾರತದ ಭಾಗ್ಯವನ್ನು ಬರೆಯುವವನೇ, ನಿನಗೆ ಜಯವಾಗಲಿ.

ಆಮೇಲೆ ನಾಡುಗಳ ಹೆಸರು ಬರುತ್ತದೆ. ಪಂಜಾಬ್, ಸಿಂಧ್, ಗುಜರಾತ್, ಮರಾಠರ ನಾಡು, ದ್ರಾವಿಡ ನಾಡು, ಉತ್ಕಲ ಅಂದರೆ ಇಂದಿನ ಒಡಿಶಾ, ಬಂಗ ಅಂದರೆ ಬಂಗಾಳ. ಭೂಪಟ ತೆರೆದಿಟ್ಟು ಬೆರಳಿನಿಂದ ತೋರಿಸಿ. ಬೆರಳು ವಾಯವ್ಯದಿಂದ ಹೊರಟು ಪಡುವಣ ಕರಾವಳಿಯ ಕಡೆ ಇಳಿಯುತ್ತದೆ, ದಕ್ಷಿಣ ಮುಟ್ಟುತ್ತದೆ, ಮೂಡಣ ಕರಾವಳಿ ಹಿಡಿದು ಬಂಗಾಳಕ್ಕೆ ಹತ್ತುತ್ತದೆ. ದೇಶಕ್ಕೆ ಒಂದು ಸುತ್ತು ಬಂದ ಹಾಗೆ. ಈ ಒಂದು ಕೆಲಸ ಮಾಡಿದರೆ ಸಾಕು, ಮಗು ಆ ಸಾಲನ್ನು ಮತ್ತೆ ತಪ್ಪುವುದಿಲ್ಲ.

ಮುಂದೆ ವಿಂಧ್ಯ ಮತ್ತು ಹಿಮಾಲಯ ಬೆಟ್ಟಗಳು, ಯಮುನೆ ಮತ್ತು ಗಂಗೆ ನದಿಗಳು, ಉಕ್ಕುವ ಕಡಲಿನ ಅಲೆಗಳು. ಹಿಮಾಲಯವನ್ನು ನಮ್ಮ ಹೆಚ್ಚಿನ ಮಕ್ಕಳು ಚಿತ್ರದಲ್ಲಿ ಮಾತ್ರ ನೋಡಿದ್ದಾರೆ. ಆದರೆ ಉಕ್ಕುವ ಕಡಲು ಯಾವುದೆಂದು ಮಂಜೇಶ್ವರದಿಂದ ಬೇಕಲದವರೆಗಿನ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಕೊನೆಯ ಭಾಗದಲ್ಲಿ ಈ ನಾಡು, ಬೆಟ್ಟ, ನದಿ, ಕಡಲು ಎಲ್ಲವೂ ಸೇರಿ ಮೂರು ಕೆಲಸ ಮಾಡುತ್ತವೆ. ನಿನ್ನ ಶುಭ ಹೆಸರು ಕೇಳಿ ಎಚ್ಚರಗೊಳ್ಳುತ್ತವೆ. ನಿನ್ನ ಆಶೀರ್ವಾದ ಬೇಡುತ್ತವೆ. ನಿನ್ನ ಜಯದ ಕಥೆಯನ್ನು ಹಾಡುತ್ತವೆ. ಜನರಿಗೆಲ್ಲ ಒಳಿತು ಮಾಡುವವನೇ, ನಿನಗೆ ಜಯವಾಗಲಿ, ಜಯವಾಗಲಿ.

ಗಮನಿಸಿ, ಇದರಲ್ಲಿ ಯುದ್ಧ ಇಲ್ಲ, ಶತ್ರು ಇಲ್ಲ, ರಕ್ತ ಇಲ್ಲ. ಜನರ ಒಳಿತನ್ನು ಕೇಳಿಕೊಳ್ಳುವ ಪ್ರಾರ್ಥನೆ ಇದು. ನಾವು ಹಾಡದೆ ಉಳಿದ ಎರಡನೇ ನುಡಿಯಲ್ಲಿ ಹಿಂದೂ, ಬೌದ್ಧ, ಸಿಖ್, ಜೈನ, ಪಾರ್ಸಿ, ಮುಸಲ್ಮಾನ, ಕ್ರೈಸ್ತ ಎಲ್ಲರ ಹೆಸರೂ ಬರುತ್ತದೆ. ಅದನ್ನೂ ಒಮ್ಮೆ ಮಕ್ಕಳಿಗೆ ಓದಿ ಹೇಳಿ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಒಂದೇ ಪೇಟೆಯಲ್ಲಿ ಕೇಳುವ ಊರಿನ ಮಕ್ಕಳಿಗೆ ಅದು ಬೇಗ ಮನಸ್ಸಿಗೆ ಹೋಗುತ್ತದೆ.

ಅದರಲ್ಲಿ ಕರ್ನಾಟಕ ಇಲ್ಲ, ಕೇರಳವೂ ಇಲ್ಲ. ಯಾಕೆ?

ದ್ರಾವಿಡ ಅಂದಾಗ ದಕ್ಷಿಣ ಪೂರ್ತಿ ಬಂತು. ಕನ್ನಡ, ಮಲಯಾಳ, ತಮಿಳು, ತೆಲುಗು, ತುಳು ಎಲ್ಲ ಸೇರಿಯೇ ಅದು. 1911ರಲ್ಲಿ ಕರ್ನಾಟಕ ಎಂಬ ರಾಜ್ಯ ಇರಲಿಲ್ಲ, ಕೇರಳವೂ ಇರಲಿಲ್ಲ. ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರಿಗೂ ನಮಗೂ ಜಿಲ್ಲಾಧಿಕಾರಿ ಒಬ್ಬರೇ. ಈ ಹಾಡು ಹುಟ್ಟಿದಾಗ ನಮ್ಮ ಊರುಗಳ ನಡುವೆ ಗಡಿ ಇರಲಿಲ್ಲ.

ಸಿಂಧ್ ಈಗ ಪಾಕಿಸ್ತಾನದಲ್ಲಿದೆ. ಮತ್ಯಾಕೆ ಹಾಡುವುದು?

ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಆ ಪದ ತೆಗೆಯಬೇಕೆಂಬ ಅರ್ಜಿಯನ್ನು ಕೋರ್ಟು 2005ರಲ್ಲಿ ತಳ್ಳಿಹಾಕಿತು. ರಾಷ್ಟ್ರಗೀತೆ ಜಿಲ್ಲೆ ತಾಲೂಕುಗಳ ಪಟ್ಟಿ ಅಲ್ಲ. ಸಿಂಧಿ ಮಾತಾಡುವ ಲಕ್ಷಾಂತರ ಜನ ಭಾರತದಲ್ಲಿದ್ದಾರೆ, ಅವರ ಸಂಸ್ಕೃತಿ ಇಲ್ಲಿಯದೇ. ಗಡಿ ಗೆರೆ ಬದಲಾದರೂ ಭಾಷೆ, ಬಾಂಧವ್ಯ ಉಳಿಯುತ್ತದೆ ಎಂಬುದನ್ನು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ.

ಇದು ಬ್ರಿಟಿಷ್ ರಾಜನನ್ನು ಹೊಗಳಿ ಬರೆದ ಹಾಡಂತೆ, ವಾಟ್ಸ್ಯಾಪ್‌ನಲ್ಲಿ ಬಂದಿದೆ. ನಿಜವಾ?

ನಿಜವಲ್ಲ. ಪ್ರತಿ ವರ್ಷ ಇದು ಸುತ್ತಿ ಸುತ್ತಿ ಬರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1911ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಐದನೇ ಜಾರ್ಜ್ ರಾಜನ ದರ್ಬಾರು ನಡೆಯಿತು. ಬಂಗಾಳದ ವಿಭಜನೆಯನ್ನು ರದ್ದು ಮಾಡುವ ಘೋಷಣೆಯೂ ಅಲ್ಲಿಯೇ ಆಯಿತು. ಎರಡು ವಾರದ ನಂತರ ಕಲ್ಕತ್ತಾದಲ್ಲಿ ಕಾಂಗ್ರೆಸ್ ಅಧಿವೇಶನ. ಅಲ್ಲಿ ಡಿಸೆಂಬರ್ 27ರಂದು ಮೊದಲು ಟಾಗೋರರ ಹಾಡು ಹಾಡಿದರು. ಬಳಿಕ ರಾಜನನ್ನು ಸ್ವಾಗತಿಸುವ ಒಂದು ನಿರ್ಣಯ ಆಯಿತು. ಅದೇ ದಿನ ರಾಜನನ್ನು ಹೊಗಳುವ ಬೇರೊಂದು ಹಿಂದಿ ಹಾಡನ್ನೂ ಹಾಡಿದರು. ಅದನ್ನು ಬರೆದವರು ರಾಂಭುಜ್ ಚೌಧರಿ. ಮರುದಿನ ಕೆಲವು ಇಂಗ್ಲಿಷ್ ಪತ್ರಿಕೆಗಳು ಎರಡೂ ಹಾಡುಗಳನ್ನು ಬೆರೆಸಿ, ಟಾಗೋರರು ರಾಜನಿಗಾಗಿ ಹಾಡು ಬರೆದರು ಎಂದು ಬರೆದುಬಿಟ್ಟವು. ಗೊಂದಲ ಶುರುವಾದದ್ದು ಹೀಗೆ.

ಟಾಗೋರರೇ 1937ರ ನವೆಂಬರ್‌ನಲ್ಲಿ ಪುಲಿನ್ ಬಿಹಾರಿ ಸೇನ್ ಅವರಿಗೆ ಬರೆದ ಪತ್ರದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ರಾಜನ ಬಗ್ಗೆ ಹಾಡು ಬರೆದುಕೊಡಿ ಎಂದು ಸರಕಾರದ ಆಪ್ತರೊಬ್ಬರು ಕೇಳಿದಾಗ ಅವರಿಗೆ ಸಿಟ್ಟು ಬಂದಿತ್ತಂತೆ. ಆ ಸಿಟ್ಟಿನಲ್ಲೇ ಅವರು ಭಾರತದ ಭಾಗ್ಯವಿಧಾತನ ಜಯವನ್ನು ಹಾಡಿದರು. ಕವಿತೆಯ ಮೂರನೇ ನುಡಿ ಓದಿದರೂ ಸಾಕು. ಏಳುಬೀಳಿನ ದಾರಿಯಲ್ಲಿ ಯುಗಯುಗಗಳಿಂದ ಯಾತ್ರಿಕರನ್ನು ನಡೆಸುವ ಚಿರಸಾರಥಿ ಎಂದು ಅಲ್ಲಿದೆ. ಯುಗಯುಗಗಳ ಸಾರಥಿ ಯಾವ ಜಾರ್ಜನೂ ಆಗಲಾರ. 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಬ್ರಿಟಿಷರು ಕೊಟ್ಟ 'ಸರ್' ಪದವಿಯನ್ನು ಬಿಟ್ಟುಕೊಟ್ಟವರೂ ಇದೇ ಟಾಗೋರರು. ಅಂಥ ಸಂದೇಶ ಬಂದರೆ ಸುಮ್ನೆ ಮುಂದಕ್ಕೆ ಕಳಿಸಬೇಡಿ. ಈ ಉತ್ತರವನ್ನು ಕಳಿಸಿ.

ರಾಗ ಯಾರದ್ದು?

ರಾಗವೂ ಟಾಗೋರರದ್ದೇ. ಇಲ್ಲಿ ನಮ್ಮ ದಕ್ಷಿಣದ ಒಂದು ಊರಿನ ಕಥೆ ಇದೆ. ಆಂಧ್ರದ ಮದನಪಲ್ಲಿ ಕೋಲಾರದ ಗಡಿಗೆ ಹತ್ತಿರದ ಊರು. 1919ರ ಫೆಬ್ರವರಿಯಲ್ಲಿ ಟಾಗೋರರು ಅಲ್ಲಿನ ಥಿಯಾಸಾಫಿಕಲ್ ಕಾಲೇಜಿನಲ್ಲಿ ಕೆಲವು ದಿನ ತಂಗಿದ್ದರು. ಪ್ರಿನ್ಸಿಪಾಲರು ಐರ್ಲೆಂಡಿನ ಜೇಮ್ಸ್ ಕಸಿನ್ಸ್. ಅಲ್ಲಿ ಟಾಗೋರರು ಈ ಹಾಡನ್ನು ಹಾಡಿ ತೋರಿಸಿದರು, ವಿದ್ಯಾರ್ಥಿಗಳು ದನಿಗೂಡಿಸಿದರು. ಅಲ್ಲೇ ಕೂತು ಅದನ್ನು ಇಂಗ್ಲಿಷಿಗೂ ತಂದರು. ಪ್ರಿನ್ಸಿಪಾಲರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಸಂಗೀತ ಬಲ್ಲವರು. ಅವರು ರಾಗವನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು. ಇದೇ ಮಾರ್ಗರೆಟ್ ಕಸಿನ್ಸ್ ಮುಂದೆ ಮಂಗಳೂರಿನ ಹೆಣ್ಣುಮಕ್ಕಳ ರಾಷ್ಟ್ರೀಯ ಶಾಲೆಯಲ್ಲೂ ಮುಖ್ಯಸ್ಥೆಯಾಗಿದ್ದರು.

ರಾಷ್ಟ್ರಗೀತೆಯ ಬಗ್ಗೆ ಹೇಳುವಾಗ ಎಲ್ಲರೂ ಕಲ್ಕತ್ತಾ ಮತ್ತು ದೆಹಲಿ ಹೇಳಿ ಮುಗಿಸುತ್ತಾರೆ. ಗಡಿಯ ಒಂದು ಸಣ್ಣ ಊರಿನ ಕಾಲೇಜು ಮಕ್ಕಳೂ ಈ ಕಥೆಯಲ್ಲಿದ್ದಾರೆ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಕ್ವಿಜ್ ಮಾಡುವವರು ಈ ಪ್ರಶ್ನೆಯನ್ನು ದಯವಿಟ್ಟು ಸೇರಿಸಿ.

ಅಧಿಕೃತವಾಗಿ ರಾಷ್ಟ್ರಗೀತೆ ಆದದ್ದು ಯಾವಾಗ? ವಂದೇ ಮಾತರಂ ಯಾಕೆ ಆಗಲಿಲ್ಲ?

1950ರ ಜನವರಿ 24ರಂದು. ಗಣರಾಜ್ಯೋತ್ಸವಕ್ಕೆ ಎರಡು ದಿನ ಮೊದಲು ಸಂವಿಧಾನ ಸಭೆಯಲ್ಲಿ ಅಧ್ಯಕ್ಷ ಡಾ. ರಾಜೇಂದ್ರ ಪ್ರಸಾದ್ ಇದನ್ನು ಘೋಷಿಸಿದರು. ಸ್ವಾತಂತ್ರ್ಯ ಹೋರಾಟದಲ್ಲಿ ದೊಡ್ಡ ಪಾತ್ರ ವಹಿಸಿದ ವಂದೇ ಮಾತರಂಗೂ ಸಮಾನ ಗೌರವ ಎಂದು ಅದೇ ಹೇಳಿಕೆಯಲ್ಲಿ ಹೇಳಿದರು. ಒಂದು ರಾಷ್ಟ್ರಗೀತೆ, ಇನ್ನೊಂದು ರಾಷ್ಟ್ರೀಯ ಹಾಡು. ಜನಗಣಮನದ ರಾಗ ವಾದ್ಯವೃಂದದಲ್ಲಿ ನುಡಿಸಲು ಅನುಕೂಲ ಎಂಬುದೂ ಒಂದು ಕಾರಣವಾಗಿತ್ತು. ವಂದೇ ಮಾತರಂ ಬರೆದವರು ಬಂಕಿಮಚಂದ್ರ ಚಟರ್ಜಿ. 1896ರ ಕಾಂಗ್ರೆಸ್ ಅಧಿವೇಶನದಲ್ಲಿ ಅದನ್ನು ಹಾಡಿದವರು ಟಾಗೋರರೇ. ಹಾಗಾಗಿ ಎರಡನ್ನೂ ಜಗಳಕ್ಕೆ ನಿಲ್ಲಿಸುವುದರಲ್ಲಿ ಅರ್ಥವಿಲ್ಲ.

ಎಷ್ಟು ಹೊತ್ತಿನಲ್ಲಿ ಹಾಡಬೇಕು?

ಸುಮಾರು 52 ಸೆಕೆಂಡು. ಮೊದಲ ಮತ್ತು ಕೊನೆಯ ಸಾಲು ಮಾತ್ರ ಇರುವ ಚಿಕ್ಕ ರೂಪಕ್ಕೆ ಸುಮಾರು 20 ಸೆಕೆಂಡು. ಅದನ್ನು ಕೆಲವು ವಿಶೇಷ ಸಂದರ್ಭಗಳಲ್ಲಿ ಮಾತ್ರ ಬಳಸುತ್ತಾರೆ. ಶಾಲೆಯಲ್ಲಿ ಪೂರ್ತಿ ಹಾಡುವುದೇ ಕ್ರಮ.

ಯಾರಾದರೂ ಹಾಡದೆ ಸುಮ್ಮನೆ ನಿಂತರೆ ಅಪರಾಧವಾ?

ಅಲ್ಲ. ಹಾಗೆಂದ ಕೋರ್ಟು ತೀರ್ಪು ಹುಟ್ಟಿದ್ದೇ ಕೇರಳದಲ್ಲಿ. ಕೋಟ್ಟಯಂ ಕಡೆಯ ಒಂದು ಶಾಲೆಯಲ್ಲಿ ಮೂವರು ಮಕ್ಕಳು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧರ್ಮದ ನಂಬಿಕೆಯಿಂದ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಗೆ ಹಾಕಿದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಗೌರವದಿಂದ ನಿಂತರೆ ಅವಮಾನ ಮಾಡಿದಂತಾಗುವುದಿಲ್ಲ ಎಂದಿತು. ಹಾಡುವವರಿಗೆ ಅಡ್ಡಿ ಮಾಡುವುದು, ಗಲಾಟೆ ಎಬ್ಬಿಸುವುದು ರಾಷ್ಟ್ರಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕೆ 3 ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು. ಕಾಲು ನೋವಿನವರು, ವಯಸ್ಸಾದವರು ಕೂತಿದ್ದರೆ ದಯವಿಟ್ಟು ಗದರಿಸಬೇಡಿ. ಸಿನಿಮಾ ಮಂದಿರದಲ್ಲಿ ರಾಷ್ಟ್ರಗೀತೆ ಹಾಕಲೇಬೇಕೆಂಬ 2016ರ ಆದೇಶವನ್ನು ಕೋರ್ಟು 2018ರ ಜನವರಿಯಲ್ಲಿ ಸಡಿಲ ಮಾಡಿದೆ.

ಈಗ ಬಾವುಟಕ್ಕೆ ಬರೋಣ. ತ್ರಿವರ್ಣ ಧ್ವಜ ಮಾಡಿದವರು ಯಾರು?

ಪಠ್ಯದಲ್ಲಿ ಪಿಂಗಳಿ ವೆಂಕಯ್ಯ ಎಂದಿದೆ, ಅದು ಸರಿಯೇ. ಆದರೆ ಧ್ವಜ ಒಂದೇ ದಿನದಲ್ಲಿ, ಒಬ್ಬರಿಂದ ಆದದ್ದಲ್ಲ.

1906ರ ಆಗಸ್ಟ್ 7ರಂದು ಕಲ್ಕತ್ತಾದ ಪಾರ್ಸಿ ಬಾಗಾನ್‌ನಲ್ಲಿ ಒಂದು ಧ್ವಜ ಹಾರಿತು. ಮುಂದಿನ ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮೇಡಂ ಭಿಕಾಜಿ ಕಾಮಾ ಇನ್ನೊಂದು ಧ್ವಜ ಹಾರಿಸಿದರು. 1917ರಲ್ಲಿ ಹೋಂ ರೂಲ್ ಚಳವಳಿಯವರಿಗೆ ಬೇರೆಯೇ ಧ್ವಜ ಇತ್ತು. ಮಚಲೀಪಟ್ಟಣದ ಕಡೆಯ ವೆಂಕಯ್ಯನವರು ಧ್ವಜಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ 1916ರಲ್ಲೇ ಹಲವು ಮಾದರಿಗಳಿರುವ ಪುಸ್ತಕ ತಂದಿದ್ದರು. 1921ರಲ್ಲಿ ವಿಜಯವಾಡದಲ್ಲಿ ಕಾಂಗ್ರೆಸ್ ಸಭೆ ಸೇರಿದಾಗ ಕೆಂಪು ಮತ್ತು ಹಸಿರಿನ ಒಂದು ಧ್ವಜವನ್ನು ಗಾಂಧೀಜಿಗೆ ಕೊಟ್ಟರು. ಚರಕ ಇರಲಿ ಎಂದು ಸೂಚಿಸಿದವರು ಜಾಲಂಧರದ ಲಾಲಾ ಹಂಸರಾಜ್. ಉಳಿದವರೂ ಸೇರಬೇಕೆಂದು ಗಾಂಧೀಜಿ ಬಿಳಿ ಪಟ್ಟಿ ಸೇರಿಸಲು ಹೇಳಿದರು. 1931ರಲ್ಲಿ ಕಾಂಗ್ರೆಸ್ಸು ಕೆಂಪಿನ ಬದಲು ಕೇಸರಿ ಮಾಡಿ, ಕೇಸರಿ, ಬಿಳಿ, ಹಸಿರು ಮತ್ತು ಚರಕದ ಧ್ವಜವನ್ನು ಒಪ್ಪಿಕೊಂಡಿತು. ಬಣ್ಣಗಳಿಗೆ ಮತ ಧರ್ಮಗಳ ಅರ್ಥ ಇಲ್ಲ ಎಂದು ಆಗಲೇ ಸ್ಪಷ್ಟಪಡಿಸಿತು.

1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರೂ ಧ್ವಜದ ನಿರ್ಣಯ ಮಂಡಿಸಿದರು. ಚರಕದ ಜಾಗಕ್ಕೆ ಸಾರನಾಥದ ಅಶೋಕ ಸ್ತಂಭದ ಚಕ್ರ ಬಂತು. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು ತುಂಬ ಸರಳ: ಚರಕದ ಒಂದು ಕಡೆ ಗಾಲಿ, ಇನ್ನೊಂದು ಕಡೆ ಕದಿರು. ಬಾವುಟದ ಹಿಂದಿನಿಂದ ನೋಡಿದರೆ ತಿರುಗಾಮುರುಗಾ ಕಾಣುತ್ತದೆ. ಚಕ್ರ ಎರಡೂ ಕಡೆಯಿಂದ ಒಂದೇ. ಅಂತಿಮ ರೂಪ ಕೊಡುವುದರಲ್ಲಿ ಸುರಯ್ಯಾ ತ್ಯಾಬ್ಜಿ ಅವರ ಪಾತ್ರವೂ ಇತ್ತು ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಆಗಸ್ಟ್ 14ರ ಮಧ್ಯರಾತ್ರಿಯ ಸಭೆಯಲ್ಲಿ ದೇಶದ ಹೆಣ್ಣುಮಕ್ಕಳ ಪರವಾಗಿ ಧ್ವಜವನ್ನು ಒಪ್ಪಿಸಿದವರು ಹಂಸಾ ಮೆಹ್ತಾ.

ಒಂದು ಸಣ್ಣ ಮಾಹಿತಿ. ಕೆಂಪು ಕೋಟೆಯ ಮೇಲೆ ನೆಹರೂ ಮೊದಲ ಸಲ ಧ್ವಜ ಹಾರಿಸಿದ್ದು 1947ರ ಆಗಸ್ಟ್ 16ರಂದು. ಭಾಷಣಗಳಲ್ಲಿ 15 ಎಂದೇ ಹೇಳುವುದು ಜಾಸ್ತಿ.

ಬಣ್ಣಗಳ ಅರ್ಥ ಏನು?

ಸಂವಿಧಾನ ಸಭೆಯಲ್ಲಿ ಡಾ. ರಾಧಾಕೃಷ್ಣನ್ ವಿವರಿಸಿದ್ದು ಹೀಗೆ. ಕೇಸರಿ ಅಂದರೆ ತ್ಯಾಗ, ನಾಯಕರಿಗೆ ಸ್ವಂತ ಲಾಭದ ಆಸೆ ಇರಬಾರದು. ಬಿಳಿ ಅಂದರೆ ಬೆಳಕು, ಸತ್ಯದ ದಾರಿ. ಹಸಿರು ಅಂದರೆ ಮಣ್ಣಿನ ಜೊತೆ, ಗಿಡಮರಗಳ ಜೊತೆ ನಮಗಿರುವ ನಂಟು. ಚಕ್ರ ಧರ್ಮದ್ದು ಮತ್ತು ಚಲನೆಯದ್ದು. ಚಕ್ರದ ಬಣ್ಣ ಕಡುನೀಲಿ, ಕಡ್ಡಿಗಳು 24. ಉದ್ದ ಅಗಲದ ಲೆಕ್ಕ 3:2. ಮಕ್ಕಳು ಚಿತ್ರ ಬಿಡಿಸುವಾಗ ಕಡ್ಡಿ ಎಣಿಸಿ ಹಾಕಲಿ.

ಈ ಧ್ವಜಕ್ಕಾಗಿ ನಮ್ಮ ಕನ್ನಡದವರು ಏನಾದರೂ ಮಾಡಿದ್ದಾರಾ?

ಎಷ್ಟೋ ಮಾಡಿದ್ದಾರೆ! 1923ರ ನಾಗಪುರದ ಝಂಡಾ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಸ್ವಯಂಸೇವಕರ ಜೊತೆ ಹೋಗಿ ಜೈಲು ಸೇರಿದರು. ಬಿಡುಗಡೆಯಾಗಿ ಬಂದು ಅವರು ಕಟ್ಟಿದ್ದೇ ಹಿಂದೂಸ್ತಾನಿ ಸೇವಾದಳ. 1930ರಲ್ಲಿ ಮುಂಬಯಿಯ ನೂಕುನುಗ್ಗಲಿನಲ್ಲಿ ಪೊಲೀಸರ ಕೈಗೆ ಧ್ವಜ ಸಿಗದಂತೆ ಅದನ್ನು ಅಪ್ಪಿ ಹಿಡಿದ ಕಮಲಾದೇವಿ ಚಟ್ಟೋಪಾಧ್ಯಾಯ ಮಂಗಳೂರಿನ ಮಗಳು.

1938ರ ಏಪ್ರಿಲ್ ತಿಂಗಳನ್ನು ಮಾತ್ರ ಯಾರೂ ಮರೆಯಬಾರದು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ನಿಷೇಧ ಇತ್ತು. ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸಾವಿರಾರು ಜನ ಸೇರಿ ಆ ನಿಷೇಧ ಮುರಿದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಜನ ಧ್ವಜ ಹಾರಿಸಲು ಸೇರಿದಾಗ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಅದು ಹಿಂದೂಪುರದ ಪಕ್ಕದ, ಆಂಧ್ರದ ಗಡಿಯ ಊರು. ಸಂತೆಗೆ ಜಾತ್ರೆಗೆ ಬರುವ ಸಾಮಾನ್ಯ ಜನ ಅವರು. ಒಂದು ಬಟ್ಟೆಯ ಬಾವುಟ ಹಾರಿಸಲು ಜೀವ ಕೊಟ್ಟರು ಎಂದು ಮಕ್ಕಳಿಗೆ ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಮರು ತಿಂಗಳೇ ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಮಿರ್ಜಾ–ಪಟೇಲ್ ಒಪ್ಪಂದ ಆಗಿ ಮೈಸೂರಿನ ಧ್ವಜದ ಜೊತೆ ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಿಗೆ ಸಿಕ್ಕಿತು.

ಖಾದಿ ಧ್ವಜ ಎಲ್ಲಿ ತಯಾರಾಗುತ್ತದೆ? ಪಾಲಿಯೆಸ್ಟರ್ ಆಗುತ್ತದಾ?

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಬಟ್ಟೆಯ ನೂಲು, ಬಣ್ಣ, ಹೊಲಿಗೆ ಎಲ್ಲಕ್ಕೂ ಸರಕಾರದ ಅಳತೆ ಇದೆ. ಆ ಅಳತೆಯ ಪ್ರಮಾಣಪತ್ರ ಪಡೆದು ತಯಾರಿಸುವ ಘಟಕ ಅದು. ಧಾರವಾಡದ ಗರಗದ ಖಾದಿಯೂ ಧ್ವಜದ ಬಟ್ಟೆಗೆ ಹೆಸರಾದದ್ದು. ದೊಡ್ಡ ಸರಕಾರಿ ಕಟ್ಟಡಗಳ ಮೇಲೆ ಹಾರುವ ಎಷ್ಟೋ ಧ್ವಜಗಳನ್ನು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ನೂತು ಹೊಲಿದಿದ್ದಾರೆ. ಧ್ವಜದ ನಿಯಮಗಳಿರುವ ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯ ನಂತರ ಪಾಲಿಯೆಸ್ಟರ್, ಮಶಿನ್ ಬಟ್ಟೆ ಕೂಡ ನಡೆಯುತ್ತದೆ. ಆದರೂ ಶಾಲೆಗೆ, ಕ್ಲಬ್ಬಿಗೆ ಒಂದು ಖಾದಿಯದ್ದೇ ತನ್ನಿ ಎನ್ನುವುದು ನನ್ನ ಕೋರಿಕೆ. ನಾಲ್ಕು ಕಾಸು ಜಾಸ್ತಿ ಆಗಬಹುದು, ಅದು ನೂಲುವವರ ಮನೆಗೆ ಹೋಗುತ್ತದೆ.

ಆಗಸ್ಟ್ 15ಕ್ಕೆ ಯಾವಾಗಲೂ ಮಳೆ. ಬಾವುಟ ಒದ್ದೆಯಾದರೆ?

ಆಟಿ ತಿಂಗಳ ಕೊನೆ, ಮಳೆ ಬರದೆ ಇರುತ್ತದಾ! ಸರಕಾರಿ ಕಟ್ಟಡಗಳಲ್ಲಿ ಹವಾಮಾನ ಹೇಗಿದ್ದರೂ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಹಾರಿಸುವುದು ನಿಯಮ. ಒದ್ದೆಯಾದರೆ ಅವಮಾನ ಆಗುವುದಿಲ್ಲ. ಇಳಿಸಿ, ನೆರಳಿನಲ್ಲಿ ಒಣಗಿಸಿ, ಮಡಿಸಿ ಇಡಿ. ನೆಲಕ್ಕೆ ತಾಗಬಾರದು, ಹರಿದದ್ದು ಹಾರಿಸಬಾರದು. ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಕೇಸರಿ ಮೇಲೆ.

ಅಡಿಕೆ ಮರದ ಕಂಬ ಆಗಬಹುದಾ ಎಂದು ಕೇಳುತ್ತಾರೆ. ಖಂಡಿತ ಆಗಬಹುದು. ನೆಟ್ಟಗಿರಲಿ, ಗಟ್ಟಿಯಾಗಿ ಊರಿ. ಹಗ್ಗ ಹಿಂದಿನ ದಿನವೇ ಎಳೆದು ನೋಡಿ, ಒದ್ದೆ ಹಗ್ಗ ಕಂಬದ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಧ್ವಜದೊಳಗೆ ಹೂವಿನ ಎಸಳು ಕಟ್ಟಲು ಅಡ್ಡಿಯಿಲ್ಲ.

ಮನೆಯಲ್ಲಿ ಹಾರಿಸುವವರು 2022ರ ಜುಲೈ ನಂತರ ರಾತ್ರಿಯೂ ಹಾಗೇ ಬಿಡಬಹುದು. ಮನೆಯಲ್ಲಿ ಧ್ವಜ ಹಾರಿಸುವುದು ನಾಗರಿಕರ ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2004ರಲ್ಲಿ.

ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಧ್ವಜ ಹಾರಿಸುವುದರಲ್ಲಿ ವ್ಯತ್ಯಾಸ ಇದೆಯಾ?

ದೆಹಲಿಯಲ್ಲಿ ಇದೆ. ಸ್ವಾತಂತ್ರ್ಯ ದಿನ ಪ್ರಧಾನಿ ಕೆಂಪು ಕೋಟೆಯಲ್ಲಿ ಕೆಳಗಿನಿಂದ ಏರಿಸುತ್ತಾರೆ. ಗಣರಾಜ್ಯೋತ್ಸವದಂದು ಮೇಲೆ ಕಟ್ಟಿಟ್ಟ ಧ್ವಜವನ್ನು ರಾಷ್ಟ್ರಪತಿ ಬಿಚ್ಚಿ ಅರಳಿಸುತ್ತಾರೆ.

ಆಟೋಗೆ, ಬೈಕಿಗೆ ಬಾವುಟ ಕಟ್ಟಬಹುದಾ?

ವಾಹನದ ಮೇಲೆ ಧ್ವಜ ಹಾರಿಸುವ ಅಧಿಕಾರ ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳಂಥ ಕೆಲವರಿಗೆ ಮಾತ್ರ. ಬಾನೆಟ್ಟಿಗೆ, ಟಾಪಿಗೆ ಹೊದಿಸುವುದಂತೂ ಕೂಡದು. ವೇದಿಕೆಯ ಮೇಜಿಗೆ ಹಾಸುವುದು, ತೋರಣ ಮಾಡಿ ಕಟ್ಟುವುದು ಸಹ ತಪ್ಪು. ಹುಡುಗರು ಪ್ರೀತಿಯಿಂದಲೇ ಮಾಡುತ್ತಾರೆ, ಬೈಯದೆ ತಿಳಿಸಿ ಹೇಳಿ.

ನವೆಂಬರ್ 1 ನಮಗೆ ಏನು? ರಾಜ್ಯೋತ್ಸವವಾ, ಕೇರಳಪ್ಪಿರವಿಯಾ?

ಎರಡೂ ಒಂದೇ ದಿನ, 1956ರ ನವೆಂಬರ್ 1. ಅಂದು ಕನ್ನಡ ನಾಡು ಒಂದಾಯಿತು. ಅಂದೇ ಕೇರಳ ಹುಟ್ಟಿತು, ಅದೇ ಕೇರಳಪ್ಪಿರವಿ. ಅಂದೇ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಇಲ್ಲಿನ ಕನ್ನಡಿಗರಿಗೆ ಅದು ನೋವಿನ ದಿನವಾಗಿತ್ತು. ಸ್ವಾತಂತ್ರ್ಯ ಹೋರಾಟದಲ್ಲಿ ದುಡಿದ ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕರ್ನಾಟಕದಲ್ಲಿ ವಿಲೀನವಾಗಬೇಕೆಂದು ಜೀವನವಿಡೀ ಹೋರಾಡಿದರು. 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು. ಅದು ಜಾರಿಗೆ ಬರಲಿಲ್ಲ.

ಇನ್ನೊಂದು ಸಂಗತಿ ಅದೇ ದಿನಕ್ಕೆ ಸೇರಿದೆ, ಅದನ್ನು ಯಾರೂ ಹೇಳುವುದಿಲ್ಲ. ರಾಜ್ಯಗಳನ್ನು ಭಾಷೆಯ ಲೆಕ್ಕದಲ್ಲಿ ಹಂಚಿದಾಗ ಗಡಿಯಲ್ಲಿ ಉಳಿಯುವ ಜನರ ಗತಿ ಏನು ಎಂಬ ಯೋಚನೆ ಆಗಲೇ ಇತ್ತು. ಅದಕ್ಕಾಗಿ ಸಂವಿಧಾನದ 7ನೇ ತಿದ್ದುಪಡಿಯಲ್ಲಿ 350ಎ ವಿಧಿ ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸುವ ಸೌಕರ್ಯ ಮಾಡಿಕೊಡಬೇಕು ಎನ್ನುತ್ತದೆ ಅದು. ಅದೂ ಜಾರಿಗೆ ಬಂದದ್ದು 1956ರ ನವೆಂಬರ್ 1ರಂದೇ. ಹಾಗಾಗಿ ಶಾಲೆಯಲ್ಲಿ ಕೇರಳಪ್ಪಿರವಿ ಮಾಡಿದರೆ ಮಕ್ಕಳು ಖುಷಿಯಿಂದ ಸೇರಲಿ, ನೆರೆಯ ಭಾಷೆಯ ಹಬ್ಬ ಅದು. ಸಂಜೆ ಕನ್ನಡದ ಕಾರ್ಯಕ್ರಮಕ್ಕೂ ಬರಲಿ. ಜೊತೆಗೆ 350ಎ ಎಂಬ ಸಂಖ್ಯೆಯನ್ನೂ ನೆನಪಿಟ್ಟುಕೊಳ್ಳಲಿ.

ಹಳದಿ ಕೆಂಪು ಬಾವುಟವನ್ನು ರಾಷ್ಟ್ರಧ್ವಜದ ಜೊತೆ ಹಾರಿಸಬಹುದಾ?

ಒಂದೇ ಕಂಬದಲ್ಲಿ ಬೇಡ. ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಅಥವಾ ಸರಿಸಮಕ್ಕೆ ಬೇರೆ ಧ್ವಜ ಇರಬಾರದು. ಬೇರೆ ಕಂಬ, ತಗ್ಗಿನಲ್ಲಿ, ದೂರದಲ್ಲಿ ಇರಲಿ. ಹಳದಿ ಕೆಂಪು ಧ್ವಜ 1960ರ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿ ರೂಪಿಸಿದ್ದು. ಜನ ಪ್ರೀತಿಯಿಂದ ಒಪ್ಪಿಕೊಂಡದ್ದು. 2018ರಲ್ಲಿ ಕರ್ನಾಟಕ ಸರಕಾರ ನಡುವೆ ಬಿಳಿ ಮತ್ತು ಗಂಡಭೇರುಂಡದ ಲಾಂಛನ ಸೇರಿಸಿ ಒಂದು ನಾಡಧ್ವಜದ ಮಾದರಿ ಮುಂದಿಟ್ಟು ಕೇಂದ್ರದ ಒಪ್ಪಿಗೆ ಕೇಳಿತ್ತು.

ನಾಡಗೀತೆಯನ್ನು ಕೇರಳದಲ್ಲಿ ಹಾಡಬಹುದಾ?

ಯಾರೂ ತಡೆಯುವಂತಿಲ್ಲ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರ ಜನವರಿಯಲ್ಲಿ ಕರ್ನಾಟಕದ ನಾಡಗೀತೆ ಆಯಿತು. 2022ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡುವುದೆಂದು ಸರಕಾರ ತೀರ್ಮಾನಿಸಿತು. ನಮ್ಮ ಕಾರ್ಯಕ್ರಮಗಳಲ್ಲಿ ನಾಡಗೀತೆ ಮೊದಲು, ರಾಷ್ಟ್ರಗೀತೆ ಕೊನೆಗೆ. ನಮ್ಮವರೇ ಆದ ಮಂಜೇಶ್ವರ ಗೋವಿಂದ ಪೈಗಳ 'ತಾಯೆ ಬಾರ ಮೊಗವ ತೋರ' ಹಾಡನ್ನೂ ಮಕ್ಕಳಿಗೆ ಕಲಿಸಿ. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಗೌರವ ಕೊಟ್ಟಿತು. ಕನ್ನಡದ ಮೊದಲ ರಾಷ್ಟ್ರಕವಿ ನಮ್ಮ ಊರಿನವರು!

ನಮ್ಮ ಮಗಳ ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಿದ್ದಾರೆ. ರಾಷ್ಟ್ರಗೀತೆ ಹಾಡಿಸುತ್ತಾರೆ, ಅರ್ಥ ಕೇಳಿದರೆ ಮಲಯಾಳದಲ್ಲಿ ಹೇಳುತ್ತಾರೆ. ಏನು ಮಾಡುವುದು?

ಈ ಮಾತನ್ನು ಅನೇಕ ತಂದೆತಾಯಿಯರು ಹೇಳುತ್ತಿದ್ದಾರೆ. ಆ ಅಧ್ಯಾಪಕರ ಮೇಲೆ ಸಿಟ್ಟು ಬೇಡ, ಅವರಿಗೂ ಅದು ಕಷ್ಟವೇ. ಪಿಟಿಎ ಸಭೆಯಲ್ಲಿ ವಿಷಯ ಎತ್ತಿ. ಮನವಿಯನ್ನು ಬರಹದಲ್ಲಿ ಕೊಡಿ, 350ಎ ವಿಧಿಯನ್ನು ಅದರಲ್ಲಿ ಹೆಸರಿಸಿ. ಹಿಂಬರಹ ಪಡೆಯಿರಿ. ಏನೂ ಆಗದಿದ್ದರೆ ಭಾಷಾ ಅಲ್ಪಸಂಖ್ಯಾತರ ಕೇಂದ್ರ ಆಯುಕ್ತರಿಗೆ ಬರೆಯಬಹುದು. 350ಬಿ ವಿಧಿಯಂತೆ ಆ ಹುದ್ದೆ ಇರುವುದೇ ಇಂಥದಕ್ಕೆ. ಅಲ್ಲಿಯವರೆಗೆ ಮಗುವನ್ನು ಕಾಯಿಸಬೇಡಿ. ಮೇಲೆ ಬರೆದ ಅರ್ಥವನ್ನು ಮನೆಯಲ್ಲೇ ಓದಿ ಹೇಳಿ. ಅಜ್ಜ ಅಜ್ಜಿ ಇದ್ದರೆ ಅವರ ಮುಂದೆ ಹಾಡಿಸಿ. ಮಗು ದೇಶದ ಹಾಡನ್ನು ತನ್ನ ಭಾಷೆಯ ಮೂಲಕ ಅರ್ಥ ಮಾಡಿಕೊಳ್ಳಬೇಕು, ಅದು ಅದರ ಹಕ್ಕು.

ಕಾರ್ಯಕ್ರಮ ಮುಗಿದ ಮೇಲೆ ಕಾಗದದ ಬಾವುಟಗಳನ್ನು, ಹಳೆಯ ಧ್ವಜವನ್ನು ಏನು ಮಾಡುವುದು?

ಕಾಗದದ್ದನ್ನು ಮೈದಾನದಲ್ಲಿ ಬಿಡಬೇಡಿ. ಪಾಯಸ ಹಂಚುವ ಮೊದಲೇ ಇಬ್ಬರು ಮಕ್ಕಳಿಗೆ ಚೀಲ ಕೊಟ್ಟು ಎಲ್ಲವನ್ನೂ ಒಟ್ಟು ಮಾಡಿಸಿ. ಪಾಯಸದ ನಂತರ ಯಾರೂ ಕೈಗೆ ಸಿಗುವುದಿಲ್ಲ. ಪ್ಲಾಸ್ಟಿಕ್ಕಿನದ್ದು ತರಲೇಬೇಡಿ. ಹರಿದ, ಬಣ್ಣ ಮಾಸಿದ ಧ್ವಜವನ್ನು ನೆಲ ಒರೆಸಲು, ಏನನ್ನಾದರೂ ಕಟ್ಟಲು ಬಳಸಬಾರದು. ಜನರ ಕಣ್ಣಿಗೆ ಬೀಳದ ಜಾಗದಲ್ಲಿ ಗೌರವದಿಂದ, ಪೂರ್ತಿಯಾಗಿ ಸುಡುವುದು ಧ್ವಜ ಸಂಹಿತೆ ಹೇಳುವ ಕ್ರಮ. ಹೊಸದು ಬೇಕಾದರೆ ಜುಲೈ ತಿಂಗಳಲ್ಲೇ ಹೇಳಿಡಿ, ಆಗಸ್ಟ್ ಮೊದಲ ವಾರ ಕಳೆದರೆ ಒಳ್ಳೆಯ ಅಳತೆಯದ್ದು ಸಿಗುವುದು ಕಷ್ಟ.